ಗಿರಣಿಯ ಜಾಗದಲ್ಲಿ ಮನೆ: ಮುಂಬಯಿಯ ಕಾರ್ಖಾನೆ ಪ್ರದೇಶಗಳು ವಸತಿ ಪ್ರದೇಶಗಳಾಗುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಲೋವರ್ ಪರೇಲ್, ವರ್ಲಿ, ಲಾಲ್‌ಬಾಗ್, ಕುರ್ಲಾ, ಭಾಂಡುಪ್, ಥಾಣೆ, ಡೊಂಬಿವಲಿ. ಮುಂಬಯಿ ಕನ್ನಡಿಗರು ದುಡಿದ, ಹೋಟೆಲು ಇಟ್ಟ, ರಾತ್ರಿಶಾಲೆಯಲ್ಲಿ ಓದಿದ ಊರುಗಳಿವು. ಈಗ ಅಲ್ಲೇ ಫ್ಲ್ಯಾಟ್ ಕೊಳ್ಳುವವರು, ಹಳೆಯ ಚಾಳಿನ ಖೋಲಿ ಬಿಟ್ಟು ಟವರಿಗೆ ಹೋಗುವವರು, ಅಪ್ಪನ ಗಿರಣಿ ಟಿಕೆಟ್ (ಕೆಲಸಗಾರನ ನಂಬರಿನ ಚೀಟಿ) ಹಿಡಿದು ಮನೆಗಾಗಿ ಅಲೆಯುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಕಾರ್ಖಾನೆ ಮುಚ್ಚಿದ ಮೇಲೆ ಆ ಪ್ರದೇಶ ನಿಜವಾಗಿ ವಸತಿ ಪ್ರದೇಶವಾಗಲು ಎಷ್ಟು ಕಾಲ ಬೇಕು?

ಒಂದು ತಲೆಮಾರು ಎಂದಿಟ್ಟುಕೊಳ್ಳಿ. ಬದಲಾವಣೆ ಮೊದಲು ಕಾಗದದಲ್ಲಿ ಆಗುತ್ತದೆ, ಆಮೇಲೆ ಕಟ್ಟಡದಲ್ಲಿ, ಕಟ್ಟಕಡೆಗೆ ಕೊಳವೆ, ರಸ್ತೆ, ಸೇತುವೆಗಳಲ್ಲಿ. ಈ ಮೂರರ ನಡುವಿನ ಅಂತರವನ್ನು ಅನುಭವಿಸುವವರು ಅಲ್ಲಿ ಮೊದಲು ಮನೆ ಮಾಡಿದವರು.

ಗಿರಣ್‌ಗಾಂವನ್ನೇ (ಮಧ್ಯ ಮುಂಬಯಿಯ ಗಿರಣಿಗಳ ಪ್ರದೇಶ) ನೋಡಿ. ತಾಡದೇವದಲ್ಲಿ 1854ರಲ್ಲಿ ಸ್ಥಾಪನೆಯಾದ ಮೊದಲ ಹತ್ತಿ ಗಿರಣಿಯಿಂದ ಶುರುವಾಗಿ, ಗಿರಣಿಗಳು ಸುಮಾರು 600 ಎಕರೆ ಆವರಿಸಿಕೊಂಡವು. 1982ರ ಜನವರಿ 18ರಂದು ಗಿರಣಿ ಕಾರ್ಮಿಕರ ಮುಷ್ಕರ ಆರಂಭವಾಯಿತು. ಜಮೀನಿನ ಬಳಕೆ ಬದಲಿಸಲು ನಿಯಮ ಬಂದದ್ದು 1991ರಲ್ಲಿ. ಆ ನಿಯಮದ ತಿದ್ದುಪಡಿಯ ಮೇಲಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2006ರ ಮಾರ್ಚ್‌ನಲ್ಲಿ. ಟವರುಗಳು ಸಾಲುಸಾಲಾಗಿ ಎದ್ದದ್ದು ಅದರ ನಂತರ. ಆದರೆ ಜನ ದಿನಾ ಹತ್ತಿ ಇಳಿಯುವ ರೈಲ್ವೆ ಸೇತುವೆ ಮಾತ್ರ ಹಳೆಯದೇ ಉಳಿಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಿನ ಕಾಲುಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಗಿರಣಿ ಕಾಲದಲ್ಲಿ ಕಾರ್ಮಿಕರಲ್ಲಿ ಬಹುಪಾಲು ಜನ ಪಕ್ಕದ ಚಾಳುಗಳಿಂದ ನಡೆದೇ ಬರುತ್ತಿದ್ದರು, ಅದೂ ಮೂರು ಪಾಳಿಗಳಲ್ಲಿ. ಕಚೇರಿಗಳು ಬಂದ ಮೇಲೆ ದೂರದ ಉಪನಗರಗಳ ಜನ ಒಂದೇ ಹೊತ್ತಿಗೆ ಅಲ್ಲಿ ಇಳಿಯತೊಡಗಿದರು. ಬಳಕೆ ಪೂರಾ ಬದಲಾಯಿತು, ಸೇತುವೆಯ ಅಗಲ ಬದಲಾಗಲಿಲ್ಲ.

ಗಿರಣಿಗಳು ಮುಷ್ಕರದಿಂದಲೇ ಮುಚ್ಚಿದವಲ್ಲವೇ?

ಅಷ್ಟು ಸರಳವಲ್ಲ. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದು ನಿಜ. ಆದರೆ ಅದಕ್ಕೂ ಮೊದಲೇ ನೇಯ್ಗೆ ಭಿವಂಡಿ, ಮಾಲೇಗಾಂವ್, ಇಚಲಕರಂಜಿಯ ಪವರ್‌ಲೂಮ್‌ಗಳ ಕಡೆ ಸರಿಯುತ್ತಿತ್ತು. ಯಂತ್ರಗಳು ಹಳತಾಗಿದ್ದವು, ಮಾಲೀಕರು ಹೊಸ ಬಂಡವಾಳ ಹಾಕಲು ಹಿಂಜರಿಯುತ್ತಿದ್ದರು. 1983ರಲ್ಲಿ ಸರ್ಕಾರ 13 ಗಿರಣಿಗಳ ಆಡಳಿತವನ್ನು ವಹಿಸಿಕೊಂಡಿತು. ಉಳಿದವು ಎಳೆದಾಡಿಕೊಂಡು ನಡೆದು ಒಂದೊಂದಾಗಿ ನಿಂತವು. ಮಗ್ಗದ ದುಡಿಮೆಗಿಂತ ಮಗ್ಗದ ಕೆಳಗಿನ ನೆಲದ ಬೆಲೆ ಹೆಚ್ಚಾದ ಮೇಲೆ ಗಿರಣಿ ನಡೆಸುವ ಆಸಕ್ತಿ ಯಾರಿಗೂ ಉಳಿಯಲಿಲ್ಲ.

“ಮೂರನೇ ಒಂದು ಪಾಲು” ಎನ್ನುತ್ತಾರಲ್ಲ, ಆ ಲೆಕ್ಕ ಏನು?

1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯದು ಗಿರಣಿ ಜಮೀನಿಗೆ ಸಂಬಂಧಿಸಿದ್ದು. ಗಿರಣಿಯವರು ಜಮೀನನ್ನು ಬೇರೆ ಬಳಕೆಗೆ ತೆರೆದರೆ ಒಂದು ಪಾಲು ಮುಂಬಯಿ ಪಾಲಿಕೆ ಬಿಎಂಸಿಗೆ (ಉದ್ಯಾನ, ಮೈದಾನಗಳಿಗಾಗಿ), ಒಂದು ಪಾಲು ರಾಜ್ಯದ ವಸತಿ ಮಂಡಳಿ ಮ್ಹಾಡಾಗೆ (ಜನಸಾಮಾನ್ಯರ ಮನೆಗಳಿಗಾಗಿ), ಉಳಿದದ್ದು ಮಾಲೀಕರಿಗೆ. ಪ್ರಮಾಣ ಜಮೀನಿನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತಿತ್ತು. 5ರಿಂದ 10 ಹೆಕ್ಟೇರ್ ಇದ್ದರೆ ಕ್ರಮವಾಗಿ ಶೇ 33, 34 ಮತ್ತು 33.

2001ರ ತಿದ್ದುಪಡಿಯಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಹಂಚಿಕೊಳ್ಳಬೇಕಾದದ್ದು ಇಡೀ ಜಮೀನನ್ನಲ್ಲ, ಗಿರಣಿಯಲ್ಲಿ ಆಗಲೇ ಖಾಲಿ ಇದ್ದ ಜಾಗವನ್ನು ಮಾತ್ರ ಎಂದಾಯಿತು. ಶೆಡ್ ಕೆಡವಿದಾಗ ಸಿಗುವ ನೆಲ ಹಂಚಿಕೆಯಿಂದ ಹೊರಗುಳಿಯಿತು.

ಲೆಕ್ಕ ಹಾಕಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಉದಾಹರಣೆಗೆ 6 ಹೆಕ್ಟೇರ್, ಅಂದರೆ 60,000 ಚದರ ಮೀಟರ್ ಗಿರಣಿ. 51,000 ಚದರ ಮೀಟರಿನಲ್ಲಿ ಶೆಡ್ಡು, ಗೋದಾಮು, 9,000 ಖಾಲಿ. 1991ರ ಲೆಕ್ಕದಲ್ಲಿ ಬಿಎಂಸಿಗೆ 19,800, ಮ್ಹಾಡಾಗೆ 20,400 ಚದರ ಮೀಟರ್. 2001ರ ಲೆಕ್ಕದಲ್ಲಿ ಬಿಎಂಸಿಗೆ 2,970, ಮ್ಹಾಡಾಗೆ 3,060. ಕ್ರಿಕೆಟ್ ಮೈದಾನವಾಗಬಹುದಾಗಿದ್ದದ್ದು ಜಾರುಬಂಡೆ ಇಡುವಷ್ಟು ಜಾಗವಾಯಿತು. 2005ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಸಾರ್ವಜನಿಕರ ಪಾಲಿನ ಪರವಾಗಿ ತೀರ್ಪು ಕೊಟ್ಟಿತು. 2006ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಆಡುವ ಮಕ್ಕಳಿಗೆ ಮೈದಾನ ಎಲ್ಲಿ ಎಂದು ಕೇಳುವವರಿಗೆ ಇದೇ ಉತ್ತರ, ಮತ್ತು ಇದು ನೋವಿನ ಉತ್ತರ.

ಈಗ ಜಾರಿಯಲ್ಲಿರುವುದು 2018ರಲ್ಲಿ ಬಂದ ಹೊಸ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ, ಡಿಸಿಪಿಆರ್ 2034. ಅದರಲ್ಲಿ ಗಿರಣಿ ಜಮೀನಿಗೆ 35ನೇ ನಿಯಮ. ಗಿರಣಿಯಲ್ಲದ ಬೇರೆ ಕಾರ್ಖಾನೆಗಳಿಗೆ ಈ ಹಂಚಿಕೆ ಅನ್ವಯಿಸುವುದಿಲ್ಲ. ಅವಕ್ಕೆ ಕೈಗಾರಿಕಾ ವಲಯದಿಂದ ವಸತಿಗೆ ಪರಿವರ್ತನೆಯ ನಿಯಮ ಬೇರೆ. ಆಡುಮಾತಿನಲ್ಲಿ “ಐ ಟು ಆರ್”.

ನಮ್ಮ ತಂದೆ ಗಿರಣಿಯಲ್ಲಿ ಇದ್ದರು. ಮನೆ ಸಿಗುತ್ತದೆಯೇ?

1982ರ ಜನವರಿ 1ರಂದು ಅಥವಾ ಅದರ ನಂತರ ಗಿರಣಿಯ ಹಾಜರಿಪಟ್ಟಿಯಲ್ಲಿ ಹೆಸರಿದ್ದವರು, ಅವರು ಇಲ್ಲವಾದರೆ ಅವರ ವಾರಸುದಾರರು, ಅರ್ಹರು. ಮ್ಹಾಡಾದ ಮೊದಲ ಲಾಟರಿ ನಡೆದದ್ದು 2012ರಲ್ಲಿ, ನಂತರ 2016 ಮತ್ತು 2020ರಲ್ಲಿ. ಮನೆ 225 ಚದರ ಅಡಿ ಕಾರ್ಪೆಟ್ (ಗೋಡೆಗಳ ಒಳಗಿನ ಜಾಗ). ಅರ್ಜಿಗಳು ಒಂದೂವರೆ ಲಕ್ಷದ ಆಸುಪಾಸು, ಸಿಕ್ಕ ಮನೆಗಳು ಅದರ ಸಣ್ಣದೊಂದು ಪಾಲು. ಇದಕ್ಕೂ ಮೇಲಿನ ಲೆಕ್ಕಕ್ಕೂ ನೇರ ಸಂಬಂಧ ಇದೆ: ಮ್ಹಾಡಾಗೆ ಬಂದ ಜಮೀನು ಕಡಿಮೆಯಾದಷ್ಟು ಮನೆಯೂ ಕಡಿಮೆ. ಹಾಗಾಗಿಯೇ ಉಳಿದವರಿಗೆ ಶೇಲು, ವಾಂಗಣಿಯಂಥ ದೂರದ ಊರುಗಳ ಮಾತು ಬಂದಿದೆ, ಕಾರ್ಮಿಕ ಸಂಘಟನೆಗಳು ಅದನ್ನು ವಿರೋಧಿಸುತ್ತಿವೆ.

ಹಳೆಯ ಅರ್ಜಿ ಇದ್ದವರು ಮೊದಲು ನೋಡಬೇಕಾದದ್ದು ದಾಖಲೆ. ಗಿರಣಿಯ ಗುರುತಿನ ಚೀಟಿ, ಟಿಕೆಟ್ ನಂಬರ್ ಇರುವ ಸಂಬಳದ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ಚೀಟಿ, ಸೇವಾ ಪ್ರಮಾಣಪತ್ರ, ರಜಾ ಕಾರ್ಡು, ಗ್ರಾಚುಟಿ ಕಾಗದ ಇವುಗಳಲ್ಲಿ ಸಿಕ್ಕಷ್ಟನ್ನೂ ಒಟ್ಟು ಮಾಡಿ. ಒಂದೇ ಒಂದನ್ನು ನಂಬಿ ಕೂರಬೇಡಿ. ಬದಲಿ ಕಾರ್ಮಿಕರಾಗಿದ್ದರೆ ಬದಲಿ ಪಾಸನ್ನೂ ಇಟ್ಟುಕೊಳ್ಳಿ.

ಕನ್ನಡಿಗರ ಅರ್ಜಿಗಳು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಕಲಬುರಗಿ, ವಿಜಯಪುರ ಕಡೆಯಿಂದ ಬಂದವರಿಗೆ ಮನೆತನದ ಹೆಸರು ಬಳಸುವ ರೂಢಿ ಒಂದು ಥರ, ಕರಾವಳಿಯವರದು ಇನ್ನೊಂದು ಥರ. ಗಿರಣಿಯ ಗುಮಾಸ್ತ ತಂದೆಯ ಹೆಸರನ್ನೋ ಊರ ಹೆಸರನ್ನೋ ಅಡ್ಡಹೆಸರಾಗಿ ಬರೆದುಕೊಂಡಿರುತ್ತಾನೆ. ಟಿಕೆಟ್ಟಿನಲ್ಲಿ “ಶಿವಪ್ಪಾ ಭೀಮಾ”, ಆಧಾರ್‌ನಲ್ಲಿ “ಶಿವಪ್ಪ ಭೀಮಪ್ಪ ಹಡಪದ”. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿ, ಗೆಜೆಟ್‌ನಲ್ಲಿ ಪ್ರಕಟಿಸಿ, ಊರಿನ ಶಾಲೆಯ ದಾಖಲೆಯೋ ಪಹಣಿಯೋ ಇದ್ದರೆ ಜೊತೆಗಿಡಿ. ಕನ್ನಡದ ದಾಖಲೆಗೆ ನೋಟರಿ ಮಾಡಿಸಿದ ಮರಾಠಿ ಅನುವಾದ ಬೇಕು. ವಾರಸುದಾರರು ಹಲವರಿದ್ದರೆ ಒಬ್ಬರ ಹೆಸರಿಗೆ ಉಳಿದವರೆಲ್ಲ ಒಪ್ಪಿಗೆ ಪತ್ರ ಕೊಡುವುದನ್ನು ಈಗಲೇ ಮುಗಿಸಿ. ಲಾಟರಿಯಲ್ಲಿ ಹೆಸರು ಬಂದ ಮೇಲೆ ಅಣ್ಣತಮ್ಮಂದಿರು ಒಟ್ಟಿಗೆ ಕೂತು ಒಪ್ಪುವುದು ಇನ್ನೂ ಕಷ್ಟ.

ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಮ್ಹಾಡಾ ಯಾವ ಏಜೆಂಟನನ್ನೂ ಇಟ್ಟಿಲ್ಲ.

ಹಳೆಯ ಕಾರ್ಖಾನೆ ಜಾಗದಲ್ಲಿ ಫ್ಲ್ಯಾಟ್ ಕೊಳ್ಳುವ ಮುನ್ನ ಯಾವ ಕಾಗದ ನೋಡಬೇಕು?

ಮಾಮೂಲು ಫ್ಲ್ಯಾಟಿಗೆ ನೋಡುವುದನ್ನೆಲ್ಲ ನೋಡಬೇಕು, ಅದರ ಮೇಲೆ ಇನ್ನೂ ನಾಲ್ಕೈದು.

ಶುರುಮಾಡುವುದು ಪ್ರಾಪರ್ಟಿ ಕಾರ್ಡಿನಿಂದ. ಮುಂಬಯಿ ನಗರದಲ್ಲಾದರೆ ಸಿಎಸ್ (ಕೆಡಸ್ಟ್ರಲ್ ಸರ್ವೆ), ಉಪನಗರದಲ್ಲಾದರೆ ಸಿಟಿಎಸ್ ನಂಬರ್ ಹಾಕಿ ತೆಗೆಸಿ. ಜಮೀನಿನ ಸ್ವರೂಪ ಏನೆಂದು ಓದಿ: ಸ್ವಂತದ್ದೋ, ಕಲೆಕ್ಟರ್ ಗುತ್ತಿಗೆಯೋ, ಪಾಲಿಕೆಯದೋ, ಬಂದರು ಪ್ರಾಧಿಕಾರದ್ದೋ (ಹಿಂದಿನ ಪೋರ್ಟ್ ಟ್ರಸ್ಟ್). ಗುತ್ತಿಗೆಯಾದರೆ ಎಷ್ಟು ವರ್ಷ ಉಳಿದಿದೆ, ಬಳಕೆ ಬದಲಿಸಲು ಜಮೀನಿನ ಒಡೆಯ ಒಪ್ಪಿದ್ದಾನೆಯೇ ಎಂಬುದು ಮುಖ್ಯ. ಕಾರ್ಡಿನ ಕೆಳಭಾಗದ ಸಣ್ಣ ಷರಾಗಳನ್ನು ಬಿಡದೆ ಓದಿ. 1976ರ ನಗರ ಭೂಮಿತಿ ಕಾಯ್ದೆಯ 20ನೇ ಕಲಮಿನಡಿ “ಕೈಗಾರಿಕೆಗಾಗಿ ವಿನಾಯಿತಿ” ಎಂದು ಬರೆದಿದ್ದರೆ ಎಚ್ಚರ. ಆ ಕಾಯ್ದೆಯನ್ನು ಮಹಾರಾಷ್ಟ್ರ 2007ರಲ್ಲಿ ಕೈಬಿಟ್ಟಿದ್ದರೂ ಆಗ ಕೊಟ್ಟ ವಿನಾಯಿತಿಯ ಷರತ್ತುಗಳು ಅಷ್ಟಕ್ಕೇ ಮಾಯವಾಗಲಿಲ್ಲ. ಬಿಲ್ಡರ್ ಸರ್ಕಾರಕ್ಕೆ ಪ್ರೀಮಿಯಂ ಕಟ್ಟಿ ಷರತ್ತು ತೆಗೆಸಿದ್ದಾನೆಯೇ ಎಂದು ಕೇಳಿ, ರಸೀದಿ ನೋಡಿ. ತೆಗೆಸದಿದ್ದರೆ ಮುಂದೆ ಸೊಸೈಟಿಯ ಹೆಸರಿಗೆ ಒಡೆತನ ವರ್ಗಾಯಿಸುವ (ಕನ್ವೇಯನ್ಸ್) ಹೊತ್ತಿಗೆ ಆ ಹೊರೆ ನಿಮ್ಮ ತಲೆಗೆ ಬರುತ್ತದೆ.

ನಂತರ ಡಿಪಿ ರಿಮಾರ್ಕ್. ಅಭಿವೃದ್ಧಿ ಯೋಜನೆಯಲ್ಲಿ ಈ ಜಾಗ ಯಾವ ವಲಯದಲ್ಲಿದೆ, ರಸ್ತೆ ಅಗಲೀಕರಣಕ್ಕೆ ಎಷ್ಟು ಹೋಗುತ್ತದೆ, ಶಾಲೆಗೋ ಉದ್ಯಾನಕ್ಕೋ ಕಾಯ್ದಿರಿಸಿದ್ದಾರೆಯೇ ಎಂಬುದನ್ನು ಬಿಎಂಸಿ ಬರೆದು ಕೊಡುತ್ತದೆ. ಬಿಲ್ಡರ್ ತೋರಿಸುವುದು ಹಳೆಯದಾಗಿರಬಹುದು, ತಾರೀಖು ನೋಡಿ, ಹೊಸದನ್ನು ನೀವೇ ತೆಗೆಸಿ. ಪರಿವರ್ತನೆಯ ಆದೇಶ ಬೇರೆ ಇರಬೇಕು. ಅದರೊಂದಿಗೆ ಕಾರ್ಮಿಕ ಆಯುಕ್ತರ ನಿರಾಕ್ಷೇಪಣಾ ಪತ್ರ. ಕಾರ್ಮಿಕರ ಬಾಕಿ ತೀರಿದೆ ಎನ್ನುವುದಕ್ಕೆ ಇದೇ ಪುರಾವೆ. ಬಾಕಿ ತೀರದ ಕಾರ್ಖಾನೆಯ ಕಾರ್ಮಿಕ ಸಂಘ ಕೋರ್ಟಿನಿಂದ ತಡೆ ತಂದರೆ ಅರ್ಧ ಎದ್ದ ಟವರು ಹಾಗೇ ನಿಲ್ಲಬಹುದು. ಅದಕ್ಕಿಂತ ಮಿಗಿಲಾಗಿ, ಇನ್ನೊಬ್ಬರ ದುಡಿಮೆಯ ಹಣ ಬಾಕಿ ಇರುವ ನೆಲದ ಮೇಲೆ ಮನೆ ಮಾಡುವುದು ನ್ಯಾಯವಲ್ಲ.

ಕಂಪನಿ ದಿವಾಳಿಯಾಗಿ ಲಿಕ್ವಿಡೇಟರ್ (ಆಸ್ತಿ ಮಾರಿ ಸಾಲ ತೀರಿಸುವ ಅಧಿಕಾರಿ) ಮೂಲಕ ಮಾರಾಟವಾದ ಜಾಗವಾದರೆ ಮಾರಾಟಕ್ಕೆ ಕೋರ್ಟ್ ಅಥವಾ ನ್ಯಾಯಮಂಡಳಿ ಕೊಟ್ಟ ಆದೇಶ ಬೇಕು. ಟೈಟಲ್ ಸರ್ಚ್ (ಒಡೆತನದ ದಾಖಲೆಗಳ ಶೋಧ) 30 ವರ್ಷದ್ದಿರಲಿ. ಕಾರ್ಖಾನೆ ಸಾಲಕ್ಕೆ ಒತ್ತೆ ಇದ್ದ ಯಂತ್ರ-ಜಮೀನಿನ ಹೊರೆ ತೀರಿದೆಯೇ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಕಟ್ಟಡದ ಕಡೆಯಿಂದ ಐಒಡಿ (ನಕ್ಷೆಗೆ ಷರತ್ತಿನ ಮಂಜೂರಾತಿ), ಸಿಸಿ (ಕಟ್ಟಲು ಅನುಮತಿ), ಓಸಿ (ಮುಗಿದ ಕಟ್ಟಡವನ್ನು ಬಳಸಲು ಅನುಮತಿ). ಸಿಸಿ ಹಲವು ಸಲ ಇಂತಿಷ್ಟು ಅಂತಸ್ತಿನವರೆಗೆ ಮಾತ್ರ ಇರುತ್ತದೆ. ನೀವು ಕೊಳ್ಳುವುದು 31ನೇ ಅಂತಸ್ತು, ಸಿಸಿ ಇರುವುದು 22ರವರೆಗೆ ಎಂದರೆ ನಿಮ್ಮ ಮನೆಗೆ ಇನ್ನೂ ಅನುಮತಿಯೇ ಇಲ್ಲ. ಒಟ್ಟು ಕಟ್ಟಡ 20,000 ಚದರ ಮೀಟರ್ ದಾಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಮಹಾರೇರಾದ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪುಟದಲ್ಲಿ ಈ ಕಾಗದಗಳಲ್ಲಿ ಹೆಚ್ಚಿನವು ಇರುತ್ತವೆ. ಜಾಹೀರಾತಿನಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನೇರ ಅಲ್ಲಿಗೇ ಹೋಗಬಹುದು.

ನೆಲದಲ್ಲಿ ವಿಷ ಉಳಿದಿರಬಹುದೇ? ಹೇಗೆ ತಿಳಿಯುವುದು?

ಉಳಿದಿರಬಹುದು. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಕೇಳಲೇಬೇಕಾದ ಪ್ರಶ್ನೆ ಇದು.

ಯಾವ ಕಾರ್ಖಾನೆ ಇತ್ತು ಎಂಬುದರ ಮೇಲೆ ನೆಲದ ಗುಣ ನಿಂತಿದೆ. ಬಟ್ಟೆ ಗಿರಣಿಯಲ್ಲಿ ನೂಲುವ, ನೇಯುವ ಖಾತೆಗಳ (ವಿಭಾಗಗಳ) ಕೆಳಗೆ ಸಾಮಾನ್ಯವಾಗಿ ಯಂತ್ರದ ಎಣ್ಣೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಬಣ್ಣದ ಖಾತೆ, ಬಾಯ್ಲರ್ ಮನೆ, ಫರ್ನೇಸ್ ಎಣ್ಣೆಯ ಟ್ಯಾಂಕು, ಟ್ರಾನ್ಸ್‌ಫಾರ್ಮರ್ ಇದ್ದ ಮೂಲೆ ಇವು ಸಂಶಯದ ಜಾಗಗಳು. ಎಂಜಿನಿಯರಿಂಗ್ ಕಾರ್ಖಾನೆಯಾದರೆ ಎಲೆಕ್ಟ್ರೋಪ್ಲೇಟಿಂಗ್ ತೊಟ್ಟಿ (ಕ್ರೋಮಿಯಂ, ನಿಕ್ಕೆಲ್, ಸಯನೈಡ್) ಮತ್ತು ಲೋಹದ ಜಿಡ್ಡು ತೊಳೆಯುವ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು. ಈ ದ್ರಾವಕ ನೀರಿಗಿಂತ ಭಾರ, ಅಂತರ್ಜಲದ ತಳಕ್ಕೆ ಇಳಿದು ಬಂಡೆಯ ಬಿರುಕಿನಲ್ಲಿ ಕೂರುತ್ತದೆ. ಔಷಧ, ಬಣ್ಣದ ಕಾರ್ಖಾನೆಯಾದರೆ ಪಟ್ಟಿ ಇನ್ನೂ ಉದ್ದ.

ಹಳೆಯ ಗಿರಣಿಯ ಅಂಗಳದಲ್ಲಿ ಗುಂಡಿ ತೋಡಿದರೆ ಮೊದಲು ಗೇಣುದ್ದದ ಕಾಂಕ್ರೀಟು. ಅದರಡಿ ಬಾಯ್ಲರಿನಿಂದ ಬಂದ ಕಪ್ಪು ಬೂದಿ, ನಡುವೆ ಗಾಜಿನಂತೆ ಹೊಳೆಯುವ ಕಿಟ್ಟ. ಅದರ ಕೆಳಗೆ ಕಪ್ಪೆಚಿಪ್ಪಿನ ಚೂರುಗಳಿರುವ ಬೂದುಬಣ್ಣದ ಜಿಗಟು ಕೆಸರು, ಅಂದರೆ ಹಿಂದೆ ಸಮುದ್ರ ಬಂದುಹೋಗುತ್ತಿದ್ದ ನೆಲ. ಆಮೇಲೆ ಮುರುಮು, ಕರಿಗಲ್ಲು. ಎಣ್ಣೆ ಸೋರಿದ ಕಡೆ ಬೂದಿ ಅಂಗೈಗೆ ಜಿಡ್ಡಾಗಿ ಹತ್ತುತ್ತದೆ. ಒಂದು ಹಿಡಿ ತೆಗೆದು ಗಾಜಿನ ಲೋಟದ ನೀರಿಗೆ ಹಾಕಿದರೆ ಕಾಮನಬಿಲ್ಲಿನ ಪೊರೆ ಮೇಲೆ ಹರಡಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣುವ ಮಾಲಿನ್ಯ. ಕ್ರೋಮಿಯಂ, ಸೀಸ ಪ್ರಯೋಗಾಲಯದಲ್ಲಿ ಮಾತ್ರ ಕಾಣುತ್ತವೆ.

ಸರಿಯಾದ ಪರೀಕ್ಷೆ ಎಂದರೆ ಮೊದಲು ಕಾರ್ಖಾನೆಯ ಹಳೆಯ ನಕ್ಷೆ ನೋಡಿ ಯಾವ ಖಾತೆ ಎಲ್ಲಿತ್ತು ಎಂದು ಗುರುತಿಸುವುದು. ಆಮೇಲೆ ಇಡೀ ಜಾಗಕ್ಕೆ 20-25 ಮೀಟರ್ ಅಂತರದ ಜಾಲ ಹಾಕಿ ಬೋರ್, ಸಂಶಯದ ತಾಣಗಳಿಗೆ ಹೆಚ್ಚುವರಿ ಬೋರ್. ಪ್ರತಿ ಬೋರಿನಲ್ಲೂ ಕಾಂಕ್ರೀಟಿನ ಅಡಿಯಿಂದ, ಒಂದು ಮೀಟರಿನಿಂದ, ಎರಡು-ಮೂರು ಮೀಟರಿನಿಂದ, ನೀರು ಸಿಗುವ ಮಟ್ಟದಿಂದ ಪ್ರತ್ಯೇಕ ಮಾದರಿ. ಗಾಜಿನ ಬಾಟಲಿ, 4 ಡಿಗ್ರಿ ತಂಪು. ದ್ರಾವಕದ ಮಾದರಿಯಾದರೆ ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡಬಾರದು.

ತಪ್ಪು ನಡೆಯುವುದು ಎರಡು ಕಡೆ. ಒಂದು, ಅಡಿಪಾಯಕ್ಕಾಗಿ ಮಾಡಿದ ಮಣ್ಣಿನ ಪರೀಕ್ಷೆಯನ್ನೇ ಮಾಲಿನ್ಯದ ಪರೀಕ್ಷೆ ಎಂದು ತೋರಿಸುತ್ತಾರೆ. ಅದು ನೆಲ ಎಷ್ಟು ಭಾರ ತಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಎರಡು, ಹತ್ತು ಕಡೆಯ ಮಣ್ಣು ಕಲಸಿ ಒಂದೇ ಮಾದರಿ ಕಳಿಸುತ್ತಾರೆ. ಒಂದು ಕಡೆ ಮಿತಿಗಿಂತ ಐದು ಪಟ್ಟು ಸೀಸ ಇದ್ದರೂ ಒಂಬತ್ತು ಕಡೆಯ ಒಳ್ಳೆ ಮಣ್ಣಿನಲ್ಲಿ ಅದು ಮುಚ್ಚಿಹೋಗುತ್ತದೆ.

ಮಾಲಿನ್ಯ ಕಂಡರೆ ಆ ಮಣ್ಣನ್ನು ಅಗೆದು ತಳೋಜಾದಂಥ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಮ್ಯಾನಿಫೆಸ್ಟ್ (ಸಾಗಣೆ ದಾಖಲೆ) ಸಮೇತ ಕಳಿಸಬೇಕು. ಲಾರಿಯಲ್ಲಿ ತುಂಬಿ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಸುರಿದರೆ ಆ ವಿಷ ಇನ್ನೊಬ್ಬರ ಮನೆಬಾಗಿಲಿಗೆ ಹೋಯಿತು ಅಷ್ಟೆ. ಕಲುಷಿತ ನಿವೇಶನಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರಲ್ಲಿ ನಿಯಮ ತಂದಿದೆ. ಖರ್ಚು ಮಾಲಿನ್ಯ ಮಾಡಿದವರ ಮೇಲೆ ಎಂಬುದು ಅದರ ತಿರುಳು.

ಟವರಿನ ಮೂವತ್ತನೇ ಅಂತಸ್ತಿನಲ್ಲಿರುವವರಿಗೆ ಇದರಿಂದೇನು ಎನ್ನಬೇಡಿ. ಕುಡಿಯುವ ನೀರಿನ ಕೊಳವೆ ಆ ನೆಲದಲ್ಲೇ ಬರುತ್ತದೆ. ಪೆಟ್ರೋಲಿಯಂ ಎಣ್ಣೆ ಪ್ಲಾಸ್ಟಿಕ್ (ಪಾಲಿಎಥಿಲೀನ್) ಕೊಳವೆಯ ಗೋಡೆಯನ್ನೇ ದಾಟಿ ನೀರಿಗೆ ಸೇರಬಲ್ಲದು. ಅಂಥ ನೆಲದಲ್ಲಿ ಡಕ್ಟೈಲ್ ಕಬ್ಬಿಣದ ಕೊಳವೆ, ನೈಟ್ರೈಲ್ ರಬ್ಬರಿನ ಗ್ಯಾಸ್ಕೆಟ್ ಹಾಕಬೇಕು. ಮುಂಬಯಿಯಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಬರುವುದರಿಂದ ಉಳಿದ ಹೊತ್ತು ಕೊಳವೆ ಖಾಲಿ. ಆಗ ಸೀಳಿದ ಜಾಯಿಂಟಿನಿಂದ ಹೊರಗಿನ ನೀರನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ನೆಲದಡಿಯ ಟಾಕಿಗೂ ಇದೇ ಮಾತು. ಬೋರ್‌ವೆಲ್ ನೀರನ್ನು ಪರೀಕ್ಷೆ ಇಲ್ಲದೆ ಗಿಡಕ್ಕೆ, ಫ್ಲಶ್ಶಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸಬೇಡಿ. ಪರೀಕ್ಷೆ ಮಾಡಿಸುವಾಗ ಲೋಹ ಮತ್ತು ದ್ರಾವಕಗಳ ಪರೀಕ್ಷೆ ಎಂದು ಬಿಡಿಸಿ ಕೇಳಿ, ಮಾಮೂಲು ಗಡಸುತನ-ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಅವು ಬರುವುದಿಲ್ಲ.

ಪಕ್ಕದಲ್ಲಿ ಹಳೆಯ ಶೆಡ್ ಕೆಡವುತ್ತಿದ್ದಾರೆ. ಎಚ್ಚರಿಕೆ ಬೇಕೇ?

ಮಂಗಳೂರು ಹೆಂಚು, ಬರ್ಮಾ ತೇಗದ ತೊಲೆಗಳನ್ನು ಜೋಪಾನವಾಗಿ ಇಳಿಸುತ್ತಾರೆ, ಅವಕ್ಕೆ ಬೆಲೆ ಇದೆ. ಕಲ್ನಾರು (ಆಸ್ಬೆಸ್ಟಾಸ್) ಶೀಟಿಗೆ ಬೆಲೆ ಇಲ್ಲ, ಅದನ್ನು ಒಡೆದು ಬಿಸಾಕುತ್ತಾರೆ. ಅಪಾಯ ಅಲ್ಲೇ ಇರುವುದು. ಶೀಟನ್ನು ನೀರಿನಿಂದ ತೋಯಿಸಿ, ಒಡೆಯದೆ, ಬೋಲ್ಟ್ ಬಿಚ್ಚಿ ಇಳಿಸಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಕಟ್ಟಬೇಕು. ಉಗಿ ಕೊಳವೆಗೆ ಸುತ್ತಿದ ಬಿಳಿ ಹೊದಿಕೆ ಇನ್ನೂ ಕೆಟ್ಟದ್ದು, ಮುಟ್ಟಿದರೆ ಪುಡಿಯಾಗುತ್ತದೆ. ಒಣಗಿದ ಶೀಟು ಒಡೆಯುವುದು ಕಂಡರೆ ಫೋಟೊ ತೆಗೆದು ಬಿಎಂಸಿ ವಾರ್ಡ್ ಕಚೇರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಿ.

ನೀರು, ಚರಂಡಿ, ಮಳೆ?

ಸಾವಿರ ಫ್ಲ್ಯಾಟು, ಮನೆಗೆ ನಾಲ್ಕೂವರೆ ಜನ, ತಲೆಗೆ 135 ಲೀಟರ್ ಎಂದರೆ ದಿನಕ್ಕೆ ಸುಮಾರು 6 ಲಕ್ಷ ಲೀಟರ್ ನೀರು. ಅದರ ಶೇ 80ರಷ್ಟು, ಹತ್ತಿರ ಹತ್ತಿರ 4.9 ಲಕ್ಷ ಲೀಟರ್, ಕೊಳಚೆಯಾಗಿ ಹೊರಗೆ ಹೋಗಬೇಕು. ಅದರಲ್ಲಿ ದೊಡ್ಡದೊಂದು ಪಾಲು ಬೆಳಗಿನ ಕೆಲವೇ ಗಂಟೆಗಳಲ್ಲಿ. ರಸ್ತೆಯಡಿಯ ಹಳೆಯ ಕೊಳವೆ ಇದನ್ನು ಎಣಿಸಿ ಹಾಕಿದ್ದಲ್ಲ. ಆವರಣದ ಕೊಳಚೆ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಲು ಅದರ ಕರೆಂಟ್ ಬಿಲ್ ಕೇಳಿ. ಬ್ಲೋವರ್ ಓಡದ ಘಟಕಕ್ಕೆ ಬಿಲ್ ಬರುವುದಿಲ್ಲ.

ಮಳೆಯ ವಿಷಯಕ್ಕೆ ಬಂದರೆ, ಪರೇಲ್-ಹಿಂದ್‌ಮಾತಾ ಸುತ್ತಮುತ್ತಲಿನದು ಮುಂಬಯಿಯ ಮೂಲ ದ್ವೀಪಗಳ ನಡುವಿನ ತಗ್ಗು. ನಗರದ ಹಳೆಯ ಮಳೆನೀರ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಗೆಂದು ಕಟ್ಟಿದವು, ಚರಂಡಿ ಸುಧಾರಣೆಯ ಬ್ರಿಮ್‌ಸ್ಟೋವಾಡ್ ಯೋಜನೆಯ ಗುರಿ 50. ಗಿರಣಿಗಳಲ್ಲಿ ಯಂತ್ರ ತಂಪು ಮಾಡಲು ದೊಡ್ಡ ಕೆರೆಯಂಥ ಹೊಂಡಗಳಿದ್ದವು, ತೆರೆದ ಅಂಗಳಗಳಿದ್ದವು, ಅವು ಒಂದಿಷ್ಟು ನೀರು ಹಿಡಿದಿಡುತ್ತಿದ್ದವು. ಹೊಂಡ ಮುಚ್ಚಿ, ಅಂಗಳಕ್ಕೆ ಪೋಡಿಯಂ (ಟವರಿನ ಬುಡದ ಕಾಂಕ್ರೀಟು ಕಟ್ಟೆ) ಹಾಸಿದ ಮೇಲೆ ಅದೆಲ್ಲ ರಸ್ತೆಗೆ ಬರುತ್ತದೆ. ಹಿಂದ್‌ಮಾತಾದ ನೀರಿಗಾಗಿ ಬಿಎಂಸಿ ಈಗ ಹತ್ತಿರದ ಮೈದಾನಗಳ ಅಡಿಯಲ್ಲಿ ಭಾರಿ ಟ್ಯಾಂಕುಗಳನ್ನು ಕಟ್ಟಿದೆ. ಮನೆ ನೋಡುವುದಾದರೆ ಜುಲೈನಲ್ಲಿ, 4.5 ಮೀಟರ್‌ಗಿಂತ ಎತ್ತರದ ಭರತ (ಸಮುದ್ರದ ಉಬ್ಬರ) ಇರುವ ದಿನ ಹೋಗಿ ನೋಡಿ. ಬೇಸ್‌ಮೆಂಟ್ ಪಾರ್ಕಿಂಗಿನ ಗೋಡೆಯಲ್ಲಿ ಹಳೆಯ ನೀರಿನ ಗೆರೆ ಇದೆಯೇ ನೋಡಿ. ವಿದ್ಯುತ್ ಮೀಟರ್ ಕೋಣೆ ಬೇಸ್‌ಮೆಂಟಿನಲ್ಲಿದ್ದರೆ ಆ ಕಟ್ಟಡದ ಬಗ್ಗೆ ಎರಡು ಸಲ ಯೋಚಿಸಿ.

ಪಕ್ಕದ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಸದ್ದು, ವಾಸನೆಗೆ ದೂರು ಕೊಡಬಹುದೇ?

ಕೊಡಬಹುದು. 2000ನೇ ಇಸವಿಯ ಶಬ್ದ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ರಾತ್ರಿ ಎಂದರೆ ಹತ್ತರಿಂದ ಆರು. ನಿಮ್ಮ ಜಾಗ ವಸತಿಯಾಗಿ, ರಸ್ತೆಯಾಚೆಯದು ಕೈಗಾರಿಕೆಯಾಗಿಯೇ ಉಳಿದಿದ್ದರೆ ಯಾವ ಮಿತಿ ಎಂಬ ವಾದ ವರ್ಷಗಟ್ಟಲೆ ನಡೆಯುತ್ತದೆ. ಆದ್ದರಿಂದ ಕೊಳ್ಳುವ ಮೊದಲು ರಾತ್ರಿ ಹನ್ನೊಂದಕ್ಕೆ ಒಮ್ಮೆ, ಭಾನುವಾರವಲ್ಲದ ದಿನ ಬೆಳಿಗ್ಗೆ ಒಮ್ಮೆ ಅಲ್ಲಿ ನಿಂತು ಬನ್ನಿ.

ಸದ್ದಿಗಿಂತ ದೊಡ್ಡದು ಸ್ಫೋಟ ಮತ್ತು ವಿಷಾನಿಲದ ಭಯ. ನಮ್ಮವರು ಸಾಕಷ್ಟು ಸಂಖ್ಯೆಯಲ್ಲಿರುವ ಡೊಂಬಿವಲಿಯ ಎಂಐಡಿಸಿಯಲ್ಲಿ (ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪ್ರದೇಶ) 2016ರ ಮೇ ಮತ್ತು 2024ರ ಮೇ ತಿಂಗಳಲ್ಲಿ ರಾಸಾಯನಿಕ ಕಾರ್ಖಾನೆ ಸ್ಫೋಟಗಳಾಗಿ ಸುತ್ತಲಿನ ಮನೆಗಳ ಗಾಜು ಪುಡಿಯಾದವು. ಅಲ್ಲಿ ಮನೆಗಳು ಕಾರ್ಖಾನೆಯ ಮಗ್ಗುಲಿಗೆ ಬಂದು ನಿಂತಿವೆ. ಚೆಂಬೂರಿನ ಹತ್ತಿರದ ಮಾಹುಲ್‌ನಲ್ಲಿ ತೈಲ ಶುದ್ಧೀಕರಣ ಘಟಕಗಳ ನೆರೆಯಲ್ಲೇ ಪುನರ್ವಸತಿ ಮನೆಗಳನ್ನು ಕಟ್ಟಿ ಬಡವರನ್ನು ಕಳಿಸಿದರು. ಅಲ್ಲಿನ ಗಾಳಿ ಆರೋಗ್ಯಕ್ಕೆ ಅಪಾಯ ಎಂದು ಹಸಿರು ನ್ಯಾಯಮಂಡಳಿ 2015ರಲ್ಲೇ ಹೇಳಿತ್ತು. 2019ರಲ್ಲಿ ಹೈಕೋರ್ಟ್, ಬೇರೆ ಮನೆ ಇಲ್ಲವೇ ಬಾಡಿಗೆ ಹಣ ಕೊಡಿ ಎಂದು ಸರ್ಕಾರಕ್ಕೆ ಆದೇಶಿಸಿತು. ಕಾರ್ಖಾನೆ ಹೋದ ಮೇಲೆ ಮನೆ ಬರುವುದು ಒಂದು ಬಗೆ. ಕಾರ್ಖಾನೆ ಇರುವಾಗಲೇ ಮನೆ ತಂದಿಡುವುದು ಪರಿವರ್ತನೆ ಅಲ್ಲ, ಅನ್ಯಾಯ.

ಅಗ್ಗದಲ್ಲಿ ಒಂದು ಗಾಳಾ (ಸಣ್ಣ ಕೈಗಾರಿಕೆಯ ಮಳಿಗೆ) ಸಿಗುತ್ತದೆ. ಅದರಲ್ಲೇ ವಾಸ ಮಾಡಬಹುದೇ?

ಬೇಡ. ಇಂಡಸ್ಟ್ರಿಯಲ್ ಎಸ್ಟೇಟಿನ ಗಾಳಾದ ಓಸಿ ಕೈಗಾರಿಕೆಗೆ ಮಾತ್ರ. ಗೃಹಸಾಲ ಸಿಗುವುದಿಲ್ಲ, ನೀರಿನ ದರ ಬೇರೆ, ಆ ವಿಳಾಸಕ್ಕೆ ರೇಷನ್ ಕಾರ್ಡು, ಶಾಲಾ ಪ್ರವೇಶ ಪಡೆಯುವಾಗ ತಕರಾರು. ಐಟಿ ಕಟ್ಟಡವೆಂದು ಅನುಮತಿ ಪಡೆದು “ಸ್ಟುಡಿಯೋ ಅಪಾರ್ಟ್‌ಮೆಂಟ್” ಎಂದು ಮಾರುವುದಕ್ಕೂ ಇದೇ ಉತ್ತರ. ಎಲ್ಲಕ್ಕಿಂತ ಮುಖ್ಯ, ಬೆಂಕಿ ಬಿದ್ದರೆ ರಾತ್ರಿ ಮಲಗಿದವರು ಹೊರಬರುವ ದಾರಿಯನ್ನು ಎಣಿಸಿ ಕಟ್ಟಿದ ಕಟ್ಟಡವಲ್ಲ ಅದು. ಮೂಲ ಬಳಕೆಯನ್ನು ಬಿಟ್ಟು ಇಕ್ಕಟ್ಟಾಗಿ ತುಂಬಿದ ಗಿರಣಿ ಆವರಣದಲ್ಲಿ ಬೆಂಕಿ ಎಷ್ಟು ಬೇಗ ಹಬ್ಬುತ್ತದೆ ಎಂಬುದನ್ನು ತಿಳಿಯಲು 2017ರ ಡಿಸೆಂಬರ್ 28ರ ನಡುರಾತ್ರಿ ದಾಟಿದ ಮೇಲೆ ಕಮಲಾ ಮಿಲ್ಸ್ ಆವರಣದಲ್ಲಿ ಸತ್ತ 14 ಜನರನ್ನು ನೆನೆದರೆ ಸಾಕು.

ನಮ್ಮ ಹೋಟೆಲು ಹಳೆಯ ಚಾಳಿನ ತಳ ಅಂತಸ್ತಿನಲ್ಲಿದೆ, ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ) ಜಾಗ. ಚಾಳು ಟವರ್ ಆಗುವಾಗ ನಮಗೇನು?

ಸೆಸ್ (ದುರಸ್ತಿಗಾಗಿನ ತೆರಿಗೆ) ಕಟ್ಟುವ ಹಳೆಯ ಕಟ್ಟಡದ ಪುನರ್ನಿರ್ಮಾಣವಾದರೆ ವಾಣಿಜ್ಯ ಬಾಡಿಗೆದಾರರಿಗೆ ಈಗಿರುವಷ್ಟೇ ಕಾರ್ಪೆಟ್ ಜಾಗ ಸಿಗಬೇಕು. ಮಾಳಿಗೆ, ಹೊರಗಿನ ಓಟ್ಲಾ (ಜಗಲಿ) ಸಾಮಾನ್ಯವಾಗಿ ಅಳತೆಗೆ ಸೇರುವುದಿಲ್ಲ. ಆದ್ದರಿಂದ ಸರ್ವೆಗೆ ಬಂದ ದಿನ ನೀವೇ ಸ್ಥಳದಲ್ಲಿದ್ದು, ಅಳತೆಯ ಹಾಳೆಯ ಪ್ರತಿ ಪಡೆದು, ತಕರಾರಿದ್ದರೆ ಅಲ್ಲೇ ಬರೆದು ಸಹಿ ಮಾಡಿ. ಬಾಡಿಗೆ ರಸೀದಿಗಳು, ಗುಮಾಸ್ತಾ ಲೈಸೆನ್ಸ್ (ಅಂಗಡಿಯ ನೋಂದಣಿ), ಪಾಲಿಕೆಯ 394ನೇ ಕಲಮಿನ ಆರೋಗ್ಯ ಪರವಾನಗಿ, ಹಳೆಯ ಲೈಟ್ ಬಿಲ್ ಎಲ್ಲವೂ ಒಂದೇ ಹೆಸರಿನಲ್ಲಿರಬೇಕು. ತೀರಿಕೊಂಡ ಮಾವನ ಹೆಸರಿನಲ್ಲೇ ರಸೀದಿ ಬರುತ್ತಿದ್ದರೆ ಈಗಲೇ ಬದಲಿಸಿಕೊಳ್ಳಿ.

ಹೋಟೆಲಿನವರು ಬಿಲ್ಡರ್ ಜೊತೆಗಿನ ಒಪ್ಪಂದದಲ್ಲಿ ಚದರ ಅಡಿಯೊಂದನ್ನೇ ನೋಡಿ ಸಹಿ ಮಾಡುತ್ತಾರೆ. ಅಷ್ಟು ಸಾಲದು. ಹೊಸ ಅಂಗಡಿ ಮುಖ್ಯ ರಸ್ತೆಗೆ ಮುಖ ಮಾಡಿರುತ್ತದೆಯೇ, ಎಷ್ಟು ಅಡಿ ಮುಂಭಾಗ ಎಂದು ನಕ್ಷೆ ಹಚ್ಚಿ ಬರೆಸಿ. ಅಡುಗೆಮನೆಯ ಹೊಗೆ ಗಚ್ಚಿಯವರೆಗೆ ಹೋಗುವ ಡಕ್ಟ್ ಮಂಜೂರಾದ ನಕ್ಷೆಯಲ್ಲೇ ಇರಬೇಕು. ನಲವತ್ತು ಅಂತಸ್ತಿನ ಟವರಿಗೆ ಆಮೇಲೆ ಡಕ್ಟ್ ಏರಿಸಲು ಯಾವ ಸೊಸೈಟಿಯೂ ಬಿಡುವುದಿಲ್ಲ, ಆಗ ಇಡ್ಲಿ ಬೇಯಿಸಬಹುದು, ದೋಸೆ ಹುಯ್ಯಲಾಗದು. ಥ್ರೀ-ಫೇಸ್ ಲೋಡ್ ಎಷ್ಟು ಕಿಲೋವ್ಯಾಟ್, ಜಿಡ್ಡು ಹಿಡಿಯುವ ಚೇಂಬರ್ ಎಲ್ಲಿ, ಗ್ಯಾಸ್ ಎಲ್ಲಿ ಎಂದೂ ಬರೆಸಿ. 100 ಕಿಲೋ ಎಲ್‌ಪಿಜಿವರೆಗೆ ದಾಸ್ತಾನು ಲೈಸೆನ್ಸ್ ಬೇಡ, ಅಂದರೆ 19 ಕಿಲೋದ ಐದು ಸಿಲಿಂಡರ್. ಕಟ್ಟುವ ಅವಧಿಗೆ ಬಾಡಿಗೆ ಎಷ್ಟು, ತಡವಾದರೆ ವರ್ಷಕ್ಕೆ ಎಷ್ಟು ಏರಿಕೆ ಎಂಬುದು ನೋಂದಾಯಿತ ಒಪ್ಪಂದದಲ್ಲೇ ಇರಲಿ. ಬಾಯಿಮಾತು ನಂಬಿ ಗಲ್ಲಾ ಎತ್ತಬೇಡಿ.

ಥಾಣೆ, ಪುಣೆಯಲ್ಲೂ ಇದೇ ನಿಯಮವೇ?

ಇಲ್ಲ. ಮುಂಬಯಿಗೆ ಡಿಸಿಪಿಆರ್ 2034. ಥಾಣೆ, ಪುಣೆ, ಪಿಂಪ್ರಿ-ಚಿಂಚವಡಕ್ಕೆ 2020ರ ಏಕೀಕೃತ ನಿಯಮಾವಳಿ. ಎಂಐಡಿಸಿ ಜಮೀನಾದರೆ ಸಾಮಾನ್ಯವಾಗಿ 95 ವರ್ಷದ ಗುತ್ತಿಗೆ, ಒಡೆತನ ಎಂಐಡಿಸಿಯದು. ಅವರ ಒಪ್ಪಿಗೆ ಇಲ್ಲದೆ ಬಳಕೆ ಬದಲಾಗದು, ವರ್ಗಾವಣೆಗೆ ಶುಲ್ಕವೂ ಉಂಟು.

ನಮ್ಮ ಸೊಸೈಟಿಯ ಅಂಗಳದಲ್ಲಿ ಗಿರಣಿಯ ಚಿಮಣಿ ಉಳಿಸಿಕೊಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವುದು ಹೇಗೆ?

ಕನ್ವೇಯನ್ಸ್ ಆದ ಮೇಲೆ ಅದರ ಹೊಣೆ ಸೊಸೈಟಿಯದು. 30 ವರ್ಷ ದಾಟಿದ ಕಟ್ಟಡಕ್ಕೆ ಬೇಕಾದ ಸ್ಟ್ರಕ್ಚರಲ್ ಆಡಿಟ್‌ನಲ್ಲಿ ಚಿಮಣಿಯನ್ನೂ ಸೇರಿಸಿ. ಪಾರಂಪರಿಕ ಪಟ್ಟಿಯಲ್ಲಿದ್ದರೆ ದುರಸ್ತಿಗೆ ಮೊದಲು ಅನುಮತಿ ಪಡೆಯಿರಿ. ಇಟ್ಟಿಗೆಯ ಸಂದುಗಳು ಸುಣ್ಣದ ಗಾರೆಯವು, ಅದಕ್ಕೆ ಸಿಮೆಂಟ್ ತುಂಬಬೇಡಿ. ಸಿಮೆಂಟು ಗಟ್ಟಿ, ಒಳಗಿನ ತೇವ ಹೊರಬರಲು ದಾರಿ ಸಿಗದೆ ಇಟ್ಟಿಗೆಯ ಮುಖವೇ ಹಾಳೆಹಾಳೆಯಾಗಿ ಉದುರುತ್ತದೆ. ಸುಣ್ಣ ಒಂದಕ್ಕೆ ಮೂರು ಪಾಲು ಮರಳು-ಸುರ್ಕಿ (ಇಟ್ಟಿಗೆ ಪುಡಿ) ಹದವಾಗುತ್ತದೆ. ಮಿಂಚುತಡೆಯ ತಾಮ್ರದ ಪಟ್ಟಿ ನೆಲದವರೆಗೆ ತುಂಡಾಗದೆ ಇದೆಯೇ ಎಂದು ಪ್ರತಿ ಮೇ ತಿಂಗಳಲ್ಲಿ ಪರೀಕ್ಷಿಸಿ. ಕಳ್ಳರು ಕೈಗೆಟಕುವ ತುಂಡನ್ನು ಕತ್ತರಿಸಿಕೊಂಡು ಹೋಗಿರುವುದುಂಟು. ತುದಿಯಲ್ಲಿ ಅರಳಿ ಮೊಳೆತಿದ್ದರೆ ಕೀಳಬೇಡಿ. ಬೇರು ಬರುವಾಗ ಇಟ್ಟಿಗೆಯನ್ನೂ ಎಳೆದುಕೊಂಡು ಬರುತ್ತದೆ. ಬುಡಕ್ಕೆ ಕತ್ತರಿಸಿ, ಕೊಯ್ದ ಮುಖಕ್ಕೆ ಆಗಲೇ ಕಳೆನಾಶಕ ಹಚ್ಚಿ, ಬೇರು ಪೂರಾ ಒಣಗಿದ ಮೇಲೆ ತೆಗೆದು ಸಂದು ಮುಚ್ಚಿ. ಈ ಕೆಲಸಕ್ಕೆ ಮಳೆಗಾಲ ಮುಗಿದ ನಂತರದ ನವೆಂಬರ್ ಒಳ್ಳೆಯದು.